ಬೂಟು ಕಳಚಿದ ಮೇಲೆ

ಥಾವಿ ನನ್ನ ಶಾಲೆಯಲ್ಲಿ ಓದಿದವಳು. ಲೆಕ್ಕ ತಪ್ಪಿದರೆ ಹಲಗೆಯನ್ನು ಪೂರ್ತಿ ಒರೆಸಿ ಮೊದಲಿನಿಂದ ಬರೆಯುವ ಹಟ ಅವಳದು. ಬಟ್ಟಂಬಾಂಗ್ ಪಟ್ಟಣದ ಕೃತಕ ಕಾಲಿನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ನೆಲಬಾಂಬಿಗೆ ಕಾಲು ಕಳೆದುಕೊಂಡ ನಮ್ಮ ಸೀಮೆಯ ಎಷ್ಟೋ ಜನರು ಅವಳು ಮಾಡಿದ ಕಾಲಿನಲ್ಲಿ ನಡೆಯುತ್ತಾರೆ.

ಮರಗೆಣಸು ಕೀಳಲು ಹೋಗಿ ಒಂದು ಕಾಲು ಕಳೆದುಕೊಂಡ ಯೀಮಜ್ಜಿಗೂ ಅವಳೇ ಕಾಲು ಮಾಡಿದಳು. ಅಜ್ಜಿಯ ಆಸೆ ಒಂದೇ. ಸತ್ತ ಹಿರಿಯರಿಗೆ ಎಡೆ ಸಲ್ಲಿಸುವ ಪ್ಚುಮ್ ಬೆನ್ ದಿನ ಗಂಡನ ಹೆಸರಿನ ಕಡುಬಿನ ಬುಟ್ಟಿಯನ್ನು ತಾನೇ ಹೊತ್ತು ಬೌದ್ಧ ವಿಹಾರದ ಮೆಟ್ಟಿಲು ಹತ್ತಬೇಕು.

"ಬೇರೆಯವ್ರ ಕೈಲಿ ಕಳಿಸಿದ್ರೆ ನಮ್ಮ ಯಜಮಾನ್ರು ಮುಟ್ಟಲ್ಲಮ್ಮ. ಬದುಕಿದ್ದಾಗ್ಲೂ ಅಷ್ಟೇ, ಮಹಾ ಹಟಮಾರಿ."

ದಾನವಾಗಿ ಬಂದ ಬೂಟು ಹಾಕಿಕೊಂಡು ಅಜ್ಜಿ ಕೇಂದ್ರದ ಸಿಮೆಂಟ್ ನೆಲದ ಮೇಲೆ ಇಪ್ಪತ್ತು ದಿನ ನಡೆದಳು.

"ನೋಡೇ, ಮದುಮಗಳ ಥರ ನಡೀತಿದೀನಿ!"

"ಮದುಮಗ ಎಲ್ಲಜ್ಜಿ?"

"ಕಾಲು ಮಾಡಿದೋಳು ನೀನು, ಅವನನ್ನೂ ಮಾಡ್ಕೊಡು!"

ಥಾವಿ ನಗುತ್ತಲೇ ಬೂಟಿನ ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ ಕಾಲನ್ನು ಹೊಂದಿಸಿದಳು.

ವಿಹಾರದೊಳಕ್ಕೆ ಯಾರೂ ಚಪ್ಪಲಿ, ಬೂಟು ಮೆಟ್ಟಿಕೊಂಡು ಹೋಗುವುದಿಲ್ಲ. ಥಾವಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಅಳತೆ ಹಿಡಿಯುವಾಗ ಮಾತ್ರ ನೆನಪಾಗಲಿಲ್ಲ. ಹಬ್ಬದ ದಿನ ಅಜ್ಜಿ ಕೆಳಗೇ ಬೂಟು ಕಳಚಿದಳು. ಹಿಮ್ಮಡಿಯ ಆಸರೆ ತಪ್ಪಿದ ಕಾಲು ಮೂರನೆಯ ಮೆಟ್ಟಿಲಿನಲ್ಲಿ ಅವಳನ್ನು ಹಿಂದಕ್ಕೆ ಎಳೆಯಿತು. ಮುಂಗೈ ಮುರಿಯಿತು. ಉರುಳಿದ ಕಡುಬುಗಳನ್ನು ನಾಯಿಗಳು ಕಚ್ಚಿಕೊಂಡು ಹೋದುದನ್ನು ನಾನು ಕಣ್ಣಾರೆ ಕಂಡೆ.

"ತಪ್ಪು ನಂದೇ ಅಜ್ಜಿ. ಬರಿಗಾಲಿಗೆ ಹೊಂದೋ ಹಾಗೆ ಬೇರೆ ಮಾಡ್ತೀನಿ," ಎಂದಳು ಥಾವಿ.

"ಕಾಲು ಮಾಡ್ತೀಯ ಮಗಳೇ, ಧೈರ್ಯ ಎಲ್ಲಿಂದ ಮಾಡ್ಕೊಡ್ತೀಯ?"

ಅಂದಿನಿಂದ ಕೇಂದ್ರಕ್ಕೆ ಬಂದವರನ್ನೆಲ್ಲ ಥಾವಿ ಮೊದಲು ಬರಿಗಾಲಿನಲ್ಲಿ ನಡೆಸಿ ನೋಡುತ್ತಾಳೆ. ಅಜ್ಜಿಗೆ ಹೊಸ ಕಾಲನ್ನೂ ಮಾಡಿಕೊಟ್ಟಳು. ಮರುವರ್ಷದ ಹಬ್ಬಕ್ಕೆ ಅಜ್ಜಿ ಬುಟ್ಟಿ ಹೊತ್ತು ಅದರಲ್ಲಿಯೇ ಥಾವಿಯ ಜೊತೆ ವಿಹಾರದವರೆಗೆ ನಡೆದು ಬಂದಳು. ಮೆಟ್ಟಿಲು ಕಂಡೊಡನೆ ಅಲ್ಲಿಯೇ ಕುಳಿತುಬಿಟ್ಟಳು.

"ನೀನೇ ತಗೊಂಡು ಹೋಗು."

"ನಾನು ಕೊಟ್ರೆ ತಾತ ಮುಟ್ಟಲ್ಲ ಅಂದಿದ್ರಲ್ಲ?"

"ಇಲ್ಲಿಂದ್ಲೇ ಕೂಗಿ ಹೇಳ್ತೀನಿ, ಹೋಗು."

ಥಾವಿ ಚಪ್ಪಲಿ ಬಿಟ್ಟು ಬುಟ್ಟಿ ಹೊತ್ತಳು. ಮೂರನೆಯ ಮೆಟ್ಟಿಲಿನಲ್ಲಿ ಒಂದು ಕ್ಷಣ ನಿಂತಳು. ಕೆಳಗಿನಿಂದ ಅಜ್ಜಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು: "ತಗೊಳ್ರೀ! ನಾನೇ ಕಳಿಸಿದ್ದು. ಮುನಿಸ್ಕೋಬೇಡಿ!"

ಥಾವಿ ತಿರುಗಿ ನೋಡದೆ ಮೇಲೆ ಹತ್ತಿದಳು.