ಅಯ್ಯನವರು ಬರುವತನಕ

ಹೆಂಡತಿ ಮಕ್ಕಳಿಲ್ಲದ ನಮ್ಮ ದೊಡ್ಡಜ್ಜನನ್ನು ಹೊನ್ನಾಳಿಯ ಅಶಕ್ತರ ಧರ್ಮಶಾಲೆಗೆ ಸೇರಿಸಿದಾಗ, ಹೊತ್ತಿಗೆ ಸರಿಯಾಗಿ ಬಿಸಿಯೂಟವಾದರೂ ಸಿಗುತ್ತದೆಂದು ಮನೆಯವರೆಲ್ಲ ನಂಬಿದ್ದರು. ನಾನು ನಂಬಿರಲಿಲ್ಲ. ರಜೆಯಲ್ಲಿ ಹೋಗಿ ನೋಡಿದೆ; ನನ್ನ ಅನುಮಾನವೇ ನಿಜವಾಗಿತ್ತು.

ಅಜ್ಜನಿಗೆ ಹಲ್ಲಿರಲಿಲ್ಲ. ಮುದ್ದೆ ಬಿಸಿಯಿದ್ದರೆ ಸಾರಿನ ಜೊತೆ ಜಾರಿ ಇಳಿಯುತ್ತಿತ್ತು. ಆರಿದರೆ ಗಂಟಲಲ್ಲೇ ನಿಲ್ಲುತ್ತಿತ್ತು. ಪಕ್ಕೆಲುಬು ಎಣಿಸುವಷ್ಟು ಇಳಿದುಹೋಗಿದ್ದ. ಅಡುಗೆಯೇನೋ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಬರುವ ಜಂಗಮ ಅಯ್ಯನವರಿಗೆ ಬಡಿಸದೆ ಯಾರಿಗೂ ಬಡಿಸುವಂತಿಲ್ಲ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಏರು ಕಂಡಲ್ಲೆಲ್ಲ ನಿಲ್ಲುತ್ತಿತ್ತು. ಅಷ್ಟರಲ್ಲಿ ಮುದ್ದೆ ಗಟ್ಟಿಯಾಗಿ, ಸಾರು ಕೆನೆಗಟ್ಟುತ್ತಿತ್ತು.

ಧರ್ಮಶಾಲೆ ನೋಡಿಕೊಳ್ಳುವ ಪಾರುಪತ್ಯಗಾರನನ್ನು ಕೇಳಿದೆ: "ಅಯ್ಯನೋರಿಗೆ ಮೊದಲೇ ಎತ್ತಿಟ್ಟು ಇವರಿಗೆ ಬಡಿಸಿದ್ರೆ ಏನು ಹೋಗ್ತೈತ್ರೀ?"

"ಪದ್ಧತಿ ಹೋಗ್ತೈತೆ."

"ಪದ್ಧತಿಗೆ ಗಂಟಲೈತೇನ್ರೀ?"

"ನಿನಗೆ ಐತಲ್ಲ, ಊರಿಗೆಲ್ಲ ಸಾಕಾಗೋವಷ್ಟು."

ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ಬಹಳ ಮಂದಿಯನ್ನು ಕಂಡಿದ್ದೆ. ಬಸ್ಸಿಳಿದು ಕಾಲು ತೊಳೆಯುತ್ತಿದ್ದ ಅಯ್ಯನವರನ್ನೇ ಹಿಡಿದೆ. ಅವರು ನಕ್ಕುಬಿಟ್ಟರು.

"ನಾನು ಬರೋತನಕ ಕಾಯ್ರಿ ಅಂತ ಯಾರಿಗೆ ಹೇಳೀನಪ್ಪಾ? ನಂಗೂ ಇವರು ಕಲ್ಲಿನಂಥ ಮುದ್ದೇನೇ ಇಕ್ಕೋದು. " ಪಾರುಪತ್ಯಗಾರನ ಕಡೆ ತಿರುಗಿ, "ನಾಳೆಯಿಂದ ಅವರಿಗೇ ಮೊದಲು ಬಡಿಸ್ರಿ."

ಯಾರೂ ಹೇಳದ ಮಾತಿಗೆ ಇಷ್ಟು ದಿನ ಇಷ್ಟು ಹೊಟ್ಟೆಗಳು ಕಾದಿದ್ದವು. ಮರುದಿನ ಮುದ್ದೆಯಿಂದ ಹಬೆ ಏಳುತ್ತಿತ್ತು. ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡು, ಆಮೇಲೆ ಕೈ ಹಾಕಿದರು. ಅಜ್ಜ ಮಾತ್ರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಉಣ್ಣಜ್ಜ, ಆರ್ತೈತೆ."

"ಅಯ್ಯನೋರು ಉಂಡಿಲ್ಲ."

"ಅವರೇ ಹೇಳ್ಯಾರೆ."

"ದೊಡ್ಡೋರು, ಹೇಳ್ತಾರೆ. ಮನ್ಯಾಗಿದ್ದಾಗ ಅಯ್ಯನೋರಿಗೆ ಇಕ್ಕಿ ಉಂಡೋನು ನಾನು. ಈಗ ಇಕ್ಕಾಕೆ ನನ್ನತ್ರ ಏನೈತೆ? ಕಾಯೋದೊಂದು ಐತೆ. ಅದನ್ನೂ ಕಿತ್ಕೊಂತೀಯೇನಪ್ಪಾ?"

ಪದ್ಧತಿಯ ವಿರುದ್ಧ ನನ್ನ ಬಳಿ ಹತ್ತಾರು ವಾದಗಳಿದ್ದವು. ಮುದ್ದೆಯ ಹಬೆ ನಿಲ್ಲುವುದನ್ನು ನೋಡುತ್ತ ಕೂತೆ.

ಬಸ್ಸು ಬಂತು, ಅಯ್ಯನವರು ಉಂಡರು. ಅಜ್ಜ ಒಂದು ತುತ್ತು ನುಂಗಲು ಹೋಗಿ ಕೆಮ್ಮಿ, ನೀರು ಕುಡಿದು, ತಾಟು ಸರಿಸಿದ. ಅದನ್ನೆತ್ತಿಕೊಂಡ ಪಾರುಪತ್ಯಗಾರ ನನ್ನ ಕಡೆ ತಿರುಗಿ, "ಈಗ ಯಾರನ್ನ ಕೇಳ್ತೀಯಪ್ಪಾ?" ಎಂದ.