ಕಲಾಯಿ ಹೋದ ಬಟ್ಟಲು

ಭಾನುವಾರ ಮಧ್ಯಾಹ್ನ ಮೂರೂಕಾಲಿಗೆ ನನ್ನ ಐದು ವರ್ಷದ ಮಗಳು ನಿಂಬೆ ಪಾನಕದ ಲೋಟ ಕೆಳಗಿಟ್ಟು, "ಅಜ್ಜಿ, ಇಟ್ ಟೇಸ್ಟ್ಸ್ ಲೈಕ್ ಕಾಯಿನ್ಸ್" ಎಂದಳು. ಸ್ವಲ್ಪ ಹೊತ್ತಿನಲ್ಲೇ ಹಸಿರು ವಾಂತಿ ಶುರುವಾಯಿತು.

ನನ್ನ ಕೂಗಿಗೆ, ಈ ಪರದೇಶದ ಬಡಾವಣೆ ಸ್ಯಾಂಡ್ರಿಂಗಮ್‌ನ ನಮ್ಮ ಪಕ್ಕದ ಮನೆಯ ಇರಾನಿ ಆಂಟಿ ಓಡಿಬಂದರು. ಬೆಳಗಿನಿಂದ ಪಾನಕವಿದ್ದದ್ದು ಅವರೇ ಕೊಟ್ಟಿದ್ದ, ಅವರ ಊರಿನ ಕೆತ್ತನೆಯ ತಾಮ್ರದ ಬಟ್ಟಲಿನಲ್ಲಿ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಒಳಗಿನ ಮಂಕು ಲೇಪವನ್ನು ಕೊಳೆಯೆಂದುಕೊಂಡು, ದೇವರ ಪಾತ್ರೆಯಂತೆ ಕೆಂಪಗೆ ಹೊಳೆಯುವವರೆಗೆ ಹುಣಸೆಹಣ್ಣು, ಸ್ಟೀಲ್ ನಾರು ಹಾಕಿ ತಿಕ್ಕಿದ್ದರು.

ಆಂಟಿ ಬಟ್ಟಲಿನೊಳಗೆ ನೋಡಿ ಬೆಚ್ಚಿದರು. "ಕಲಾಯಿ! ವೇರ್ ಈಸ್ ಕಲಾಯಿ?"

ಹುಳಿ ತಾಮ್ರಕ್ಕೆ ತಾಗದಂತೆ ಪಾತ್ರೆಯೊಳಗೆ ಹಚ್ಚುವ ತವರದ ಲೇಪ; ಪರ್ಷಿಯಾದ ವ್ಯಾಪಾರಿಗಳ ಜೊತೆ ಎಂದೋ ನಮ್ಮ ಕಡೆಗೆ ಬಂದ ಮಾತು. ನನಗೆ ಹೊಳೆಯುವ ಮೊದಲೇ ಇಂಗ್ಲಿಷ್ ಬಾರದ ಅತ್ತೆಗೆ ಅರ್ಥವಾಯಿತು.

"ಅಯ್ಯೋ, ನಾನೇ ಉಜ್ಜಿ ತೆಗ್ದ್‌ಬಿಟ್ನಲ್ಲೇ! ಮಗೂನ ಎತ್ಕೊ, ಆಸ್ಪತ್ರೆಗೆ ನಡಿ!"

ಬಟ್ಟಲನ್ನೂ ಒಯ್ದೆವು. ತಾಮ್ರದ ವಿಷವೆಂದು ವೈದ್ಯರಿಗೆ ಕೂಡಲೇ ತಿಳಿಯಿತು.

ಮಗಳು ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಅತ್ತೆ ರಾತ್ರಿಯಿಡೀ ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದರು. ನಾನು ಅವರನ್ನು ನೋಡುತ್ತ ಎದ್ದಿರುತ್ತಿದ್ದೆ. ಶನಿವಾರ ಆಂಟಿ ಬಂದು ಅತ್ತೆಯ ಕೈ ಹಿಡಿದು ಸಂಜೆಯವರೆಗೂ ಕುಳಿತರು. ಅಂದು ರಾತ್ರಿ ನಾವೆಲ್ಲ ಬೆಳಗಿನವರೆಗೆ ನಿದ್ದೆ ಮಾಡಿದೆವು.