ಕತ್ತಲೆಗೆ ಒಗ್ಗಿದ ಮನೆ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಆರಿಸಮ್ಮ. ಯಾರ ಮನೆಗೆ ಹೋದರೂ ಅವಳ ಕೈ ಮೊದಲು ಸ್ವಿಚ್ಚಿಗೇ ಹೋಗುತ್ತಿತ್ತು. "ಹಾಡಹಗಲಲ್ಲಿ ಯಾರಿಗಮ್ಮ ಈ ದೀಪ? ಆರ್ಸು, ಆರ್ಸು." ಜಿಪುಣಿ ಅಂದವರೂ ಇದ್ದಾರೆ. ಆ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ತೂತು ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ಕೊಳೆಸಿ, ಅಕ್ಕಿ ತೊಳೆದ ನೀರು ಹೊಯ್ದು, ಬೆಳೆದ ಟೊಮೆಟೊವನ್ನೆಲ್ಲ ಅಕ್ಕಪಕ್ಕದವರಿಗೆ ಪುಕ್ಕಟೆ ಹಂಚುವವಳು ಜಿಪುಣಿಯೇ?

ಅವಳು ಹುಟ್ಟಿದ್ದು ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಬೆಳಗ್ಗೆ ಹರವಿದ ಬಟ್ಟೆ ಮಧ್ಯಾಹ್ನಕ್ಕೆ ಬೂದಿ ಬಣ್ಣ. ಅವಳ ಅಮ್ಮ ಕೆಮ್ಮಿ ಕೆಮ್ಮಿಯೇ ತೀರಿಕೊಂಡಳು. "ನಾವಿಲ್ಲಿ ಸುಮ್ನೆ ದೀಪ ಉರಿಸಿದ್ರೆ ಅಲ್ಲಿ ಯಾರೋ ಕೆಮ್ತಾರೆ ಕಣೆ" ಎನ್ನುತ್ತಿದ್ದಳು ದೊಡ್ಡಮ್ಮ.

ದೊಡ್ಡಪ್ಪ ಕುರ್ಚಿಗಳಿಗೆ ಬೆತ್ತ ಹೆಣೆಯುವವನು. ಬೆರಳಲ್ಲೇ ಕೆಲಸ, ಕಣ್ಣಿಗೆ ಅಷ್ಟು ದುಡಿಮೆಯಿಲ್ಲ. ಸಂಜೆಯಾದರೆ ಅವರ ಎರಡು ಕೋಣೆಯಲ್ಲಿ ಬೀದಿದೀಪದಿಂದ ಬಂದಷ್ಟೇ ಬೆಳಕು. ಗೋಡೆ ಸವರಿಕೊಂಡು ನೀರಿನ ಹೂಜಿಯವರೆಗೆ ಹೋಗುವುದು, ಕಾಲಲ್ಲಿ ಚಪ್ಪಲಿ ಹುಡುಕುವುದು ಇಬ್ಬರಿಗೂ ರೂಢಿಯಾಗಿತ್ತು. ಹೋದ ನಮಗೆ ಮಾತ್ರ ಸ್ಟೂಲು ಬಡಿಯುತ್ತಿತ್ತು.

ಒಮ್ಮೆ ಇಬ್ಬರೂ ನಮ್ಮ ಮನೆಗೆ ಬಂದು ಉಳಿದರು. ನಮ್ಮಲ್ಲಿ ಎಲ್ಲ ದೀಪವೂ ಉರಿಯುತ್ತಿತ್ತು. ಊಟಕ್ಕೆ ಏಳುವಾಗ ದೊಡ್ಡಪ್ಪ ಗೋಡೆ ಸವರತೊಡಗಿದ. ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು. "ನೋಡ್ರೇ, ಇವರಿಗೆ ಬೆಳಕೂ ಒಂದೇ, ಕತ್ತಲೂ ಒಂದೇ!" ನಾನು ಪಕ್ಕದಿಂದ ನೀರಿನ ಲೋಟ ಚಾಚಿದೆ. ಅವನ ಕೈ ಲೋಟದ ಆಚೆ, ಬರಿಯ ಗಾಳಿಯನ್ನು ಹಿಡಿಯಿತು. ಅವಳ ನಗು ಅಲ್ಲೇ ನಿಂತಿತು.

ಕಣ್ಣಿನ ಡಾಕ್ಟರು ಮೆಲ್ಲಗೆ ಹೇಳಿದರು. "ಈ ಕಾಯಿಲೇಲಿ ನೋವಿರಲ್ಲ. ಪಕ್ಕದ ನೋಟ ಮೊದಲು ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸೋಕೆ ಹನಿ ಹಾಕಿ ನೋಡೋಣ. ಮನೇಲಿ ಇವರು ತಡಕಾಡೋದು ನೀವು ನೋಡ್ಲಿಲ್ವಾ?"

"ನಮ್ಮನೇಲಿ ಇಬ್ರೂ ತಡಕಾಡ್ತೀವಿ" ಎಂದಳು ದೊಡ್ಡಮ್ಮ.

"ನಂಗೂ ಕತ್ತಲೆಗೇ ಹಾಗಾಗುತ್ತೆ ಅನ್ನಿಸಿತ್ತು" ಎಂದ ದೊಡ್ಡಪ್ಪ, ತಾನೇ ತಪ್ಪು ಮಾಡಿದವನ ಹಾಗೆ.

ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಕರೆಂಟು ಉಳಿಸಲು ಹೋಗಿ ಗಂಡನ ಕಣ್ಣು ಕಳೆದಳು ಎಂದರು. ಕಣ್ಣು ತಿಂದದ್ದು ಕಾಯಿಲೆ, ಅವಳಲ್ಲ. ನಾನು ಎಷ್ಟು ಹೇಳಿದರೂ ಅವಳು ನಂಬಿದ್ದು ಬೀದಿಯ ಮಾತನ್ನೇ. ಸಿಪ್ಪೆಯ ಬಕೆಟ್ಟು ಬಿಡಲಿಲ್ಲ, ಅಕ್ಕಿ ನೀರು ಚೆಲ್ಲಲಿಲ್ಲ. ದೀಪಗಳನ್ನು ಮಾತ್ರ ಮಧ್ಯಾಹ್ನದಿಂದಲೇ ಹಾಕಿಬಿಡುತ್ತಿದ್ದಳು. ತಪ್ಪದೆ ಹನಿ ಬಿಟ್ಟಳು. ಬೆಳಗ್ಗೆ ಎದ್ದ ಕೂಡಲೇ ಅವನ ಮುಂದೆ ಬೆರಳು ಹಿಡಿದು "ಎಷ್ಟು?" ಎಂದು ಕೇಳುತ್ತಿದ್ದಳು. ಅವನು ಸರಿಯಾಗಿ ಹೇಳಿದ ದಿನ ನಮಗೆಲ್ಲ ಫೋನು ಬರುತ್ತಿತ್ತು. ಆಮೇಲಾಮೇಲೆ ಫೋನು ಕಡಿಮೆಯಾಯಿತು.

ಮೊನ್ನೆ ನಾನು ಹೋದಾಗ ಸಂಜೆ. ಹೊಸದಾಗಿ ಹಾಕಿಸಿದ ದೊಡ್ಡ ಬಲ್ಬು ದೊಡ್ಡಪ್ಪನ ನೆತ್ತಿಯ ಮೇಲೇ ಉರಿಯುತ್ತಿತ್ತು. ಅವನು ಅರ್ಧ ಹೆಣೆದ ಕುರ್ಚಿಯನ್ನು ಮೊಣಕಾಲಿಗೆ ಒತ್ತಿಕೊಂಡು ಮುಖ ಎತ್ತಿದ.

"ಏ, ಪೂರ್ತಿ ಕತ್ತಲಾಯ್ತಲ್ಲೇ. ಮತ್ತೆ ಆರ್ಸಿಬಿಟ್ಯಾ? ಇವತ್ತೊಂದಿನ ದೀಪ ಹಾಕ್ಬಿಡು. ಮಗು ಬೇರೆ ಬಂದಿದೆ."

ದೊಡ್ಡಮ್ಮ ನನ್ನ ಕೈ ಹಿಡಿದು ಅದುಮಿದಳು.

"ಕರೆಂಟ್ ಹೋಗಿದೆ ರೀ" ಎಂದಳು.

"ಹೌದಾ? ಸರಿ, ಹಾಗಾದ್ರೆ ನೀನೂ ಬಂದು ಕೂತ್ಕೋ" ಎಂದು ಅವನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.